ಮೇಷ್ಟ್ರಿಗೊಂದು ಹಳೇ ಹಾಯಿದೋಣಿ ನೋಡಿದ್ದು

ನಂಗೆ ಗೊತ್ತಿಲ್ದಿರೋ ಕೆಲ್ಸ ಎಲ್ಲೈತೋ, ಜನ ಹುಡುಕ್ಕಂಡು ಬಂದು ನನ್ನ ಅಲ್ಲಿಗೇ ಕರ್ಕಂಡೋಯ್ತಾರೆ. ಇವತ್ತು ನೆನ್ನೆದಲ್ಲ ಇದು, ನಂಗೆ ಮೀಸೆ ಬಂದಾಗ್ಲಿಂದ್ಲೂ ಇಂಗೇಯ. ನಾನು ಬಾಗ್ಲು ಕಿಟಕಿ ಮಾಡೋ ಆಚಾರಿ. ಗಾಡಿ ಚಕ್ರ ಕಟ್ಟಿವ್ನಿ, ತೊಟ್ಲು ಮಾಡಿವ್ನಿ. ಅರಕೆರೇಲಿ ಒಬ್ರಿಗೆ ಒಂದು ಮಂಚ ಮಾಡ್ಕೊಟ್ಟೆ, ಅದು ಎಷ್ಟು ಸಂದಾಗಿತ್ತು ಅಂದ್ರೆ ಆ ಮನೆ ಯಜಮಾನ ಮಲಗ್ದೋನು ಆ ವರ್ಷದ ಕಬ್ಬು ಕಟಾವು ಮುಗಿಯೋಗಂಟ ಏಳ್ನೇ ಇಲ್ಲ. ಇದ್ರಾಗೆ ಎಲ್ಲಾರ ಜಾಸ್ತಿ ಆಯ್ತು ಅನ್ಸಿದ್ರೆ ನೀವೇ ವಸಿ ಕಮ್ಮಿ ಮಾಡ್ಕಂಡು ಓದ್ಕಳಿ. ನಂಗೆ ಅಳತೆ ಇಡ್ಕಂಡು ಮಾಡೋದು ಬರೀ ಮರದ ಕೆಲ್ಸ.

ಹಿತ್ಲು ಬಾಗ್ಲು

ಶ್ರೀರಂಗಪಟ್ಣದ ಕೋಟೆ ಒಳ್ಗೆ ಒಬ್ರು ರಿಟೈರ್ಡ್ ಮೇಷ್ಟ್ರವ್ರೆ. ಭೂಗೋಳ ಪಾಠ ಮಾಡ್ತಿದ್ರು. ಅವ್ರ ಹಿತ್ಲು ಬಾಗ್ಲು ಕಿರ್ರೋ ಅಂತದೆ, ಬಂದು ನೋಡಿ ಅಂತ ಕರ್ಸಿದ್ರು. ನಾನು ಕೀಲಿಗೆ ಎಣ್ಣೆ ಬುಡ್ತಾ ಕುಂತಿದ್ದೆ. ಮೇಷ್ಟ್ರು ಬಂದು ಪಕ್ಕದಾಗೆ ಕುಕ್ಕರುಗಾಲಲ್ಲಿ ಕುಂತ್ಕಂಡು, ಕಳ್ಳತನಕ್ಕೆ ಕರೆಯೋರಂಗೆ ಮೆತ್ತಗೆ ಅಂದ್ರು:

"ಆಚಾರ್ರೇ, ನಾನೊಂದು ಹಾಯಿದೋಣಿ ತೊಗೋಬೇಕು ಅಂತಿದ್ದೀನಿ. ಹಳೇ ಕಾಲದ್ದು. ಒಳಗೇ ಮಲಗೋಕೆ, ಕಾಫಿ ಕಾಯಿಸ್ಕೊಳ್ಳೋಕೆ ಜಾಗ ಇರೋ ಅಂಥದ್ದು."

"ಯಾಕೆ ಸಾ, ಮನೇಲಿ ಜಾಗ ಇಲ್ವೆ?" ಅಂದೆ.

ಅಡುಗೆ ಮನೆಯಿಂದ ಅಮ್ಮಾವ್ರ ದನಿ ಬಂತು. "ಮನೇಲಿ ಜಾಗ ಬೇಕಾದಷ್ಟಿದೆ ಆಚಾರ್ರೇ. ಇವರಿಗೆ ಬುದ್ಧಿ ಇಲ್ಲ, ಅಷ್ಟೆ."

ಮೇಷ್ಟ್ರು ಅದನ್ನ ಕೇಳಿಸ್ಕಳ್ದೋರಂಗೆ ಮುಂದಕ್ಕೆ ಯೋಳಿದ್ರು. "ಕೆಲಸಕ್ಕೆ ಸೇರಿದಾಗಿಂದ ರಿಟೈರ್ ಆಗೋವರೆಗೂ ಮಕ್ಕಳಿಗೆ ಮಾರುತಗಳ ಪಾಠ ಮಾಡಿದೀನಿ. ಬೋರ್ಡ್ ಮೇಲೆ ಬಾಣ ಬರೆದು, ಗಾಳಿ ಹೀಗೆ ಬೀಸುತ್ತೆ, ಹಡಗು ಹೀಗೆ ಹೋಗುತ್ತೆ ಅಂದಿದೀನಿ. ನಾನು ಹೋಗಿದ್ದು ಮಾತ್ರ ಬಸ್ಸಲ್ಲಿ. ಒಂದೇ ಒಂದು ಸಲ ಆ ಗಾಳಿ ನನ್ನನ್ನ ಎಳ್ಕೊಂಡು ಹೋಗ್ಬೇಕು ಕಣ್ರೀ."

ಅಷ್ಟೊತ್ಗೆ ಅಮ್ಮಾವ್ರು ಸೌಟು ಇಡ್ಕಂಡೇ ಈಚೆಗೆ ಬಂದ್ರು. "ಹೋದ ಸಲ ಹಳೇ ಕಾರು ತಂದ್ರು. ಮಳೆ ಬಂದ್ರೆ ಕಾರೊಳಗೆ ಕೊಡೆ ಬಿಚ್ಕೊಂಡು ಕೂರ್ತಿದ್ದೆ ನಾನು. ಈಗ ದೋಣಿ. ತೊಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮೊದಲ ದಿನ ನಾನೂ ಬಂದು ಕೂರ್ತೀನಿ. ನನ್ನ ಸೀರೆ ಒದ್ದೆ ಆಯ್ತೋ, ಅವತ್ತೇ ಅದನ್ನ ಮಾರಿಬಿಡ್ಬೇಕು. ಮತ್ತೆ ಈ ಜನ್ಮದಲ್ಲಿ ದೋಣಿ ಅನ್ನೋ ಹಾಗಿಲ್ಲ."

ಮೇಷ್ಟ್ರ ಮುಖ ನೋಡಕಾಗ್ನಿಲ್ಲ ನಂಗೆ. "ಬುಡಿ ಸಾ, ನಾನು ನೋಡ್ಕೊಡ್ತೀನಿ. ನಮ್ ತಾತ ಅರಮನೆಗೆ ದೋಣಿ ಮಾಡ್ಕೊಟ್ಟೋರು" ಅನ್ಬುಟ್ಟೆ.

ತಾತ ಮಾಡಿದ್ದು ಹಾಲಿನ ಗಾಡಿ. ಆದ್ರೆ ಅರಮನೆ ಬೀದೀಲೇ ಓಡಾಡ್ತಿತ್ತು, ಅದುಕ್ಕೆ ನಾನೇ ಸಾಕ್ಷಿ.

ಕ್ಯಾತನಹಳ್ಳಿ ಬಾತುಕೋಳಿ

ಹಳೇ ಮಾಲು ತಕಳೋದು ಅಂದ್ರೆ ದಲ್ಲಾಳಿ ಬೇಕಲ್ವೆ? ಪಾಂಡವಪುರದ ಅತ್ಲಾಗೆ ಕ್ಯಾತನಹಳ್ಳೀಲಿ ನಂಗೊಬ್ಬ ಹಳೇ ಸ್ನೇಹಿತ ಅವ್ನೆ, ದನದ ದಲ್ಲಾಳಿ. ಎತ್ತು ನಿಂತಿರೋ ಕಡೆ ಕಣ್ಮುಚ್ಕಂಡು ಹೋದ್ರೂ, ಅದು ಉಸುರು ಬುಡೋ ಸದ್ದು ಕೇಳಿ ಯಾವೂರ ಹುಲ್ಲು ತಿಂದೈತೆ ಅಂತ ಯೋಳ್ಬುಡ್ತಾನೆ.

"ದೋಣಿ ನೋಡಿದ್ದೀಯೇನ್ಲಾ?" ಅಂದೆ.

"ನಾಕು ಕಾಲಿಂದೇ ನೋಡಿವ್ನಿ, ಕಾಲೇ ಇಲ್ದಿರೋದು ನೋಡಕಾಯ್ತದಿಲ್ವೇನ್ಲಾ?" ಅಂದ.

ಮಾತು ಸರಿ ಅನ್ಸ್ತು. ಅವ್ನೇ ನಮ್ಮೂರಾಗೇ ಒಂದು ಐತೆ ಬನ್ನಿ ಅಂತ ನನ್ನೂ ಮೇಷ್ಟ್ರನ್ನೂ ಆಲೆಮನೆ ಹಿಂದಕ್ಕೆ ಕರ್ಕಂಡೋದ. ಕಬ್ಬಿನ ಸಿಪ್ಪೆ ರಾಶಿ ಮೇಲೆ ಕುಂತಿತ್ತು ದೋಣಿ. ನಾನು ನೋಡ್ದೆ. ಮೇಷ್ಟ್ರು ನೋಡಿದ್ರು. ಅದೂ ನಮ್ಮನ್ನ ನೋಡ್ತು. ಯಾಕಂದ್ರೆ ಅದುಕ್ಕೆ ಕತ್ತು, ಕೊಕ್ಕು, ಒಂದು ಕಣ್ಣು ಇತ್ತು. ಯಾವ್ದೋ ಪಾರ್ಕು ಮುಚ್ಚಿದಾಗ ಅಲ್ಲಿಂದ ತಂದ, ಕಾಲಲ್ಲಿ ಪೆಡ್ಲು ತುಳಿಯೋ ಬಾತುಕೋಳಿ ದೋಣಿ.

ಮೇಷ್ಟ್ರು ತಲೆ ಕೆರ್ಕಂಡು, "ಇದಕ್ಕೆ ಹಾಯಿ ಎಲ್ಲಿ?" ಅಂದ್ರು.

ಆಲೆಮನೆಯವ್ನು ಬೆಲ್ಲದ ಕೈ ಒರೆಸ್ಕಂಡು ಅಂದ: "ಸಾ, ನಾವು ಮಾರಾಕೆ ಮಡಗಿರೋದು ದೋಣಿ. ಹಾಯಿ ಕಟ್ಟೋದು ಗಿರಾಕಿ ಇಷ್ಟ. ಒಬ್ರಿಗೆ ಬಿಳಿ ಬಟ್ಟೆ ಆಯ್ತದೆ, ಒಬ್ರಿಗೆ ಬಣ್ಣದ್ದು ಆಯ್ತದೆ. ನಾವ್ಯಾಕೆ ಅಡ್ಡ ಬರೋಣ?"

ನಮ್ ದಲ್ಲಾಳಿ ಅದ್ರ ಬೆನ್ನು ಸವರಿ, ಹೊಟ್ಟೆ ಕೆಳಗೆಲ್ಲ ಬಗ್ಗಿ ನೋಡಿ, ಮೇಷ್ಟ್ರನ್ನ ಪಕ್ಕಕ್ಕೆ ಕರೆದ. "ಮೇಷ್ಟ್ರೇ, ಇದು ಬ್ಯಾಡ. ಮೈಮೇಲೆ ಒಂದೂ ಕೂದ್ಲಿನ ಸುಳಿ ಇಲ್ಲ. ಸುಳಿ ಇಲ್ದಿರೋದ್ನ ಕೊಟ್ಟಿಗೆಗೆ ಕಟ್ಕಬಾರ್ದು."

ಪ್ಲಾಸ್ಟಿಕ್ಕಿನ ಬಾತುಕೋಳಿಗೆ ಸುಳಿ ಎಲ್ಲಿಂದ ಬರ್ಬೇಕು ಅಂತ ಮೇಷ್ಟ್ರು ಬಸ್ಸಲ್ಲಿ ಬರೋವಾಗ ನನ್ನ ಕೇಳಿದ್ರು. ನಾನು "ಅದೇ ಅದ್ರ ದೋಸ ಸಾ" ಅಂದೆ.

ಅಮ್ಮ ಎದ್ದ ದೋಣಿ

ಕನ್ನಂಬಾಡಿ ಹಿನ್ನೀರು ಕೆ.ಆರ್. ಪೇಟೆ ಕಡೀಕೂ ಹರ್ಡಿಕಂಡೈತಲ್ಲ, ಆ ದಡದಾಗೆ ಹಾಯಿದೋಣಿ ಅವೆ ಅಂತ ಯಾರೋ ಯೋಳಿದ್ರು. ಅಲ್ಲೊಬ್ಬ ಕಾವಲುಗಾರ. ಬ್ಯಾರೆ ಊರೋರ ದೋಣಿ ನೋಡ್ಕಂಡು, ಮಾರೋದಿದ್ರೆ ಮಾರ್ಸಿಕೊಟ್ಕಂಡು, ಮೀನು ಹುರ್ಕಂಡು ತಿಂದ್ಕಂಡು ಇದ್ದ.

ಮೊದಲ್ನೇದು ದಡದ ಮೇಲೆ ಎತ್ತಿ ಮಡಗಿದ್ದ ಫೈಬರ್ ದೋಣಿ. ಮೇಲೆಲ್ಲ ಹೊಸಾ ಬಣ್ಣ. ಮೇಷ್ಟ್ರು ಮೊಬೈಲ್ ತೆಗೆದು ಓದಿದ್ರು: "ಮೇಲಿನ ಬಣ್ಣ ನೋಡಿ ಮೋಸ ಹೋಗಬಾರ್ದು. ತಳ ನೋಡ್ಬೇಕು."

ಸರಿ, ಮೂರೂ ಜನ ಅಂಗಾತ ಮಲಗಿ ತಳಕ್ಕೆ ತೂರ್ಕಂಡೊ. ನೋಡಿದ್ರೆ ಹೊಟ್ಟೆ ಮೇಲೆಲ್ಲ ಗುಳ್ಳೆ! ಅವರೆಕಾಳು ಗಾತ್ರದ್ದು, ಹುರುಳಿ ಗಾತ್ರದ್ದು, ಒಂದೊಂದು ನಿಂಬೆಹಣ್ಣಷ್ಟು. ನಾನು ಉಳಿ ತುದೀಲಿ ಒಂದ್ನ ಚುಚ್ಚಿದೆ. ಚಿಳ್ ಅಂತ ಹುಳಿ ವಾಸ್ನೆ ನೀರು ಮುಖಕ್ಕೆ ಹೊಡೀತು.

ದಲ್ಲಾಳಿ ಕಿಟಾರಂತ ಕಿರುಚ್ಕಂಡು ಈಚೆಗೆ ಉಳ್ಳಾಡ್ಕಂಡು ಬಂದ. ಚಪ್ಪಲಿ ಅತ್ಲಾಗೆ ಬಿಸಾಕಿ ಎರಡೂ ಕೈ ಮುಗುದ. "ಲೇ ಆಚಾರಿ, ಚುಚ್ಬುಟ್ಟಲ್ಲೋ ಪಾಪಿ! ಅಮ್ಮ ಎದ್ದವ್ಳೆ ಕಣ್ಲಾ ದೋಣಿಗೆ! ತಪ್ಪಾಯ್ತು ಅನ್ಲಾ!"

ನಾನೂ ಗಾಬರೀಲಿ ಕೆನ್ನೆ ಬಡ್ಕಂಡೆ. ಅಷ್ಟ್ರಲ್ಲಿ ಕಾವಲುಗಾರನ ಒಲೆ ಮೇಲೆ ಮೀನು ಚೊರ್ ಅಂತು. ದಲ್ಲಾಳಿ ಅವನ ಮೇಲೆ ಬಿದ್ದ. "ಅಮ್ಮ ಇರೋ ತಾವ ಒಗ್ಗರಣೆ ಹಾಕ್ತೀಯಲ್ಲೋ, ನಿಂಗೇನಾರ ಮಾನ ಮರ್ಯಾದೆ ಐತಾ? ಮೊದ್ಲು ಒಲೆ ಆರ್ಸು! ಬೇವಿನ ಸೊಪ್ಪು ತತ್ತಾ!"

ಆ ಬಡಪಾಯಿ ಏನೂ ತಿಳೀದೆ ಒಲೆಗೆ ನೀರು ಸುರ್ದು ಬೇವಿನ ಸೊಪ್ಪು ತಂದ. ದಲ್ಲಾಳಿ ಅದ್ನ ದೋಣಿ ಮೂತಿಗೆ ಸಿಕ್ಕಿಸ್ದ.

ಮೇಷ್ಟ್ರು ಮಾತ್ರ ಮೊಬೈಲ್ ತಿಕ್ಕಿ ತಿಕ್ಕಿ ನೋಡಿ, "ಇದು ಕಾಯಿಲೆ ಅಲ್ರೀ. ಫೈಬರ್ ಒಳಗೆ ನೀರು ಇಳಿದ್ರೆ ಹೀಗೆ ಗುಳ್ಳೆ ಬರುತ್ತಂತೆ. ಇಂಥದ್ದು ತೊಗೋಬೇಡಿ ಅಂತ ಬರೆದಿದಾರೆ" ಅಂದ್ರು.

"ಅದುನ್ನೇ ಅಲ್ವೆ ನಾನೂ ಯೋಳಿದ್ದು" ಅಂದ ದಲ್ಲಾಳಿ.

ಆಮೇಲೊಂದು ಕಿತ ಆ ಕಡೆ ಹೋಗಿದ್ದೆ. ದೋಣಿಗೆ ಅರಿಶಿನ ಕುಂಕುಮ ಬಳ್ದು, ಬಳೆ ತೊಡ್ಸಿ, ಮುಂದೆ ತಂಬಿಟ್ಟಿನ ಆರತಿ ಮಡಗಿದ್ರು. ಕಾವಲುಗಾರ ಗೋಳಾಡ್ದ: "ಮಾರಕ್ಕೆ ಗಿರಾಕಿ ಕರ್ಕಂಡ್ ಬಂದ್ರೆ ಊರ ಹೆಂಗಸ್ರು ಬುಡಾಕಿಲ್ಲ ಅಂತಾರೆ ಕಣಣ್ಣ. ದೋಣಿ ಯಜಮಾನ್ರು ಬಂದ್ರೆ ಅವ್ರೂ ಚಪ್ಪಲಿ ಬುಟ್ಟೇ ಹತ್ರಕ್ಕೆ ಬರ್ಬೇಕು."

ಸಾಯೇಬ್ರ ಇಂಜಿನ್ನು

ಅದೇ ದಡದಾಗೆ ಇನ್ನೊಂದು ದೋಣಿ ನೀರಲ್ಲೇ ನಿಂತಿತ್ತು. "ಇದುಕ್ಕೆ ಇಂಜಿನ್ನೂ ಐತೆ. ಗಾಳಿ ಇಲ್ದಿದ್ರೆ ಇದ್ರಲ್ಲಿ ಹೋಗ್ಬೋದು" ಅಂತ ಆ ಕಾವಲುಗಾರ ಆಸೆ ಹುಟ್ಟಿಸ್ದ. ಇಂಜಿನ್ನು ಅಂದ್ಮೇಲೆ ನಮ್ಮಿಂದಾಗಲ್ಲ. ಮಾರ್ನೇ ದಿನ ಪಾಂಡವಪುರದಿಂದ ಸಾಯೇಬ್ರನ್ನ ಕರ್ಕಂಡ್ ಬಂದೊ. ಪಂಪ್‌ಸೆಟ್ಟು ರಿಪೇರೀಲಿ ಅವ್ರ ಕೈ ಅಂದ್ರೆ ಕೈ. ಕೆಟ್ಟ ಪಂಪಿನ ಮುಂದೆ ನಿಂತು ಒಂದ್ಕಿತ ಕೆಮ್ಮುದ್ರೆ ಸಾಕು, ಅದು ಹೆದರ್ಕಂಡು ಶುರುವಾಯ್ತದೆ.

ಸಾಯೇಬ್ರು ಹಲಗೆ ಎತ್ತಿ ಒಳಗೆ ಇಣುಕಿ, "ಅರೆ ವಾ!" ಅಂದ್ರು. ಕಣ್ಣಲ್ಲಿ ಪ್ರೀತಿ. "ಮೇಷ್ಟ್ರೇ, ಇದು ಹಡಗಿನ ಇಂಜಿನ್ನೇ ಅಲ್ಲ. ಗದ್ದೆ ಪಂಪ್‌ಸೆಟ್ಟಿಂದು. ನಾನೇ ಕಟ್ಟಿಕೊಟ್ಟಿದ್ದು. ಎಷ್ಟು ವರ್ಷ ಆಯ್ತಪ್ಪ ನಿನ್ನ ನೋಡಿ!"

"ಹಾಗಾದ್ರೆ ಒಳ್ಳೇದಾ, ಕೆಟ್ಟದ್ದಾ?" ಅಂದ್ರು ಮೇಷ್ಟ್ರು.

"ಇಂಜಿನ್ನು ಒಳ್ಳೇದು. ಪೈಪು ಮಾತ್ರ ಯಾರೋ ತಲೆ ಇಲ್ದೋರು ಉಲ್ಟಾ ಹಾಕವ್ರೆ. ಸೀದಾ ಮಾಡಿಕೊಡ್ತೀನಿ, ಪಾಂಚ್ ಮಿನಿಟ್."

ನಾವೆಲ್ಲ ದೋಣಿ ಒಳ್ಗೇ ಕುಂತಿದ್ದೊ. ಸಾಯೇಬ್ರು ಗದ್ದೇಲಿ ಎಂಗೆ ಜೋಡಿಸ್ತಾರೋ ಅಂಗೇ ಜೋಡಿಸಿ, ಹ್ಯಾಂಡ್ಲು ಹಾಕಿ ತಿರುಗ್ಸಿದ್ರು. ಡಗ್ ಡಗ್ ಡಗ್ ಡಗ್! ಹಿನ್ನೀರೆಲ್ಲ ಅದುರೋಯ್ತು. ದಡದ ಕೊಕ್ಕರೆಗಳೆಲ್ಲ ಎದ್ದು ನಾಗಮಂಗಲದ ತನಕ ಹಾರ್ಕಂಡೋದೊ. ಪಂಪ್‌ಸೆಟ್ಟಿಗೆ ಗೊತ್ತಿದ್ದಿದ್ದು ಒಂದೇ ಕೆಲ್ಸ, ನೀರೆತ್ತೋದು. ಕಟ್ಟೇಲಿದ್ದ ನೀರ್ನ ಎತ್ತಿ ಎತ್ತಿ ದೋಣಿ ಒಳಕ್ಕೆ ಸುರಿಯಾಕೆ ಹತ್ತಿತು.

"ಸಾಯೇಬ್ರೇ, ನೀರು! ನೀರು ಬತ್ತಾ ಐತೆ!" ಅಂತ ದಲ್ಲಾಳಿ ಬೆಂಚು ಹತ್ಕಂಡು ಕಿರುಚ್ದ.

ಸಾಯೇಬ್ರು ಸೊಂಟದ ಮೇಲೆ ಕೈ ಮಡಿಕ್ಕಂಡು ನಿಂತಿದ್ರು. "ದೇಖೋ ಭಾಯ್, ಕ್ಯಾ ಪ್ರೆಷರ್! ಎರಡೆಕರೆ ಕಬ್ಬಿಗೆ ಸಾಕು!"

ಮೇಷ್ಟ್ರು ಪಂಚೆ ಎತ್ತಿ ಕಟ್ಕಂಡು, ಮೊಣಕಾಲುದ್ದ ನೀರಲ್ಲಿ ನಿಂತು ಬಲೇ ವಿನಯವಾಗಿ ಕೇಳಿದ್ರು: "ಸಾಯೇಬ್ರೇ, ಇದನ್ನ ಆಫ್ ಮಾಡೋದು ಎಲ್ಲಿ?"

"ಡೀಸೆಲ್ ಮುಗುದ್ರೆ ಅದೇ ಆಫ್ ಆಯ್ತದೆ ಮೇಷ್ಟ್ರೇ, ನೀವೇನ್ ಟೆನ್ಷನ್ ಮಾಡ್ಕೋಬೇಡಿ."

ದೇವಲಾಪುರದ ಕೋಳಿ

ನಾವು ಮತ್ತೆ ಆ ದಡಕ್ಕೆ ಬರ್ದಿರ್ಲಿ ಅಂತಲೋ ಏನೋ, ಕಾವಲುಗಾರನೇ ಒಂದು ದಾರಿ ತೋರ್ಸ್ದ. "ನಾಗಮಂಗಲದ ಅತ್ಲಾಗೆ ದೇವಲಾಪುರದ ಹತ್ರ ಒಬ್ಳು ಅಜ್ಜಿ ತಾವ ಅಪ್ಪಟ ಮರದ ಹಾಯಿದೋಣಿ ಐತೆ. ಅಲ್ಲಿಗೋಗಿ."

ದೇವಲಾಪುರ! ಅದು ರಾಗಿ ಹುರುಳಿ ಬೆಳೆಯೋ ಒಣ ಸೀಮೆ. ಅಲ್ಲಿ ಹಾಯಿದೋಣಿ ಅಂದ್ರೆ ನಂಬೋರ್ಯಾರು? ಬಸ್ ಇಳಿದು ಹುರುಳಿ ಹೊಲದ ಬದುವಿನ ಮೇಲೆ ನಡ್ಕಂಡು ಹೋದೊ. ದೂರದಿಂದ್ಲೇ ಒಂದು ಕಂಬ ಕಾಣ್ತು. ಮೊಬೈಲ್ ಟವರ್ ಅಂದ್ಕಂಡೊ. ಹತ್ರ ಹೋದ್ರೆ ದೋಣಿ! ಹೊಲದ ಮಧ್ಯೆ ಗುಂಡಿ ತೋಡಿ ನಿಲ್ಸವ್ರೆ. ಊರೋರೆಲ್ಲ ಅದ್ರ ಮೇಲೆ ಹತ್ತಿ ನಿಂತೇ ಫೋನ್ ಮಾಡೋದಂತೆ, ಸಿಗ್ನಲ್ಲು ಸಂದಾಗಿ ಸಿಗ್ತದಂತೆ.

ಅಜ್ಜಿ ಕತೆ ಯೋಳಿದ್ಲು. ಅವ್ಳ ಗಂಡ ಹಿನ್ನೀರಿನ ತಾವ ಒಬ್ರು ಮಿಲ್ಟ್ರಿ ಸಾಹೇಬ್ರ ಹತ್ರ ಕೆಲ್ಸಕ್ಕಿದ್ದ. ಸಾಹೇಬ್ರು ಊರು ಬುಟ್ಟು ಹೋಗೋವಾಗ ದೋಣಿ ನೀನೇ ಇಟ್ಕೋ ಅಂದ್ಬುಟ್ರು. ಅವ್ನು ಟ್ರಾಕ್ಟರಲ್ಲಿ ಎಳ್ಕಂಡ್ ಬಂದು ಹೊಲದಾಗೆ ನಿಲ್ಲಿಸ್ದ. "ಒಂದಲ್ಲ ಒಂದಿನ ಈ ಕಡೀಕೂ ನಾಲೆ ಬತ್ತದೆ, ಅವತ್ತು ತೇಲಿ ಬುಡ್ತೀನಿ ಅಂತಿದ್ರು ಕಣ್ಲಾ ಮಗ. ಅವ್ರೂ ಹೋದ್ರು. ನೀರು ಬರ್ನಿಲ್ಲ, ಕೋಳಿ ಬಂದ್ವು."

ನಾನು ಕೊಡತಿ ತಕಂಡು ಹಲಗೆ ಹಲಗೇನೂ ಬಡ್ದು ನೋಡ್ದೆ. ಠಣ್ ಠಣ್ ಅಂತದೆ! ಕೊಳೆತ ಮರ ದಬ್ ಅಂತದೆ, ಗಟ್ಟಿ ಮರ ಠಣ್ ಅಂತದೆ, ಅಷ್ಟು ನಂಗೂ ಗೊತ್ತು. ಉಳಿ ಒತ್ತಿದ್ರೆ ಒಳಕ್ಕೇ ಇಳೀತಿಲ್ಲ. ಮೇಷ್ಟ್ರು ಹಾಯಿ ಬಿಚ್ಚಿ ಬಿಸ್ಲಿಗೆ ಇಡಿದ್ರು. ಅಜ್ಜಿ ಅದ್ರ ಮೇಲೆ ಹಪ್ಪಳ ಒಣಗಾಕ್ತಿದ್ಲು, ಉದ್ದಿನ ವಾಸ್ನೆ ಬುಟ್ರೆ ಒಂದೂ ತೂತಿಲ್ಲ.

ದಲ್ಲಾಳಿ ಗುಂಡಿಗೆ ಇಳಿದು ತಳದಾಗಿದ್ದ ಕಬ್ಬಿಣದ ರೆಕ್ಕೆ ಮುಟ್ಟಿ ನೋಡಿ ತಬ್ಬಿಬ್ಬಾಗಿ ಕುಂತ. "ಲೇ ಆಚಾರಿ, ಇದುಕ್ಕೆ ನೇಗ್ಲು ಕಟ್ಟವ್ರೆ ಕಣ್ಲಾ!"

"ಅದು ನೇಗಿಲಲ್ಲ. ದೋಣಿ ಮಗುಚ್ಕೊಳ್ದೆ ಇರಲಿ ಅಂತ ಕೆಳಗೆ ಭಾರ" ಅಂದ್ರು ಮೇಷ್ಟ್ರು.

"ಮುಳುಗದಿರ್ಲಿ ಅಂತ ಕಬ್ಬಿಣ ಕಟ್ಟೋರ್ನ ಇವತ್ತೇ ನೋಡಿದ್ದು ಸಾ" ಅಂದ ಅವ್ನು. ನಂಗೂ ಇವತ್ತಿನ ತನಕ ಅದು ಅರ್ಥ ಆಗಿಲ್ಲ.

ಮೇಷ್ಟ್ರು ಕುಣಿಯೋದೊಂದು ಬಾಕಿ. "ಅಜ್ಜಿ, ಇದು ನಂಗೆ ಬೇಕು. ಯಾವಾಗ ಕೊಡ್ತೀರಿ?"

"ಈಗ ಕೊಡಾಕಾಯ್ತದಿಲ್ಲ. ಒಳ್ಗೆ ಕೋಳಿ ಕಾವು ಕುಂತದೆ. ಕಾವು ಕುಂತಿರೋದ್ನ ಎಬ್ಬುಸ್ಬಾರ್ದು. ಮರಿ ಆದ್ಮೇಲೆ ಬಾ."

ಮೇಷ್ಟ್ರು ಒಳಕ್ಕೆ ಇಣುಕಿದ್ರು. ಮಲಗೋ ಜಾಗದಾಗೆ ಕೋಳಿ ಮಲಗಿತ್ತು. ಅದು ಮೇಷ್ಟ್ರನ್ನ ನೋಡಿ, ಏನು ಅನ್ನಂಗೆ ಕತ್ತು ಎತ್ತಿತು. ಮೇಷ್ಟ್ರು "ಇಲ್ಲ, ಏನಿಲ್ಲ" ಅಂತ ಹಿಂದಕ್ಕೆ ಸರಿದ್ರು.

ಮನೇಲಿ ಅಮ್ಮಾವ್ರು ಕೇಳಿದ್ರಂತೆ, ದೋಣಿ ಸಿಕ್ತಾ ಅಂತ. ಮೇಷ್ಟ್ರು ಯೋಳಿದ್ರಂತೆ: "ಸಿಕ್ಕಿದೆ ಕಣೇ. ಒಳಗಿರೋರಿಗೆ ಹೆರಿಗೆ ಆಗೋದೊಂದು ಬಾಕಿ." ಆವತ್ತು ರಾತ್ರಿ ಮೇಷ್ಟ್ರಿಗೆ ಊಟ ಹಾಕಿರೋದು ಅನುಮಾನ.

ಟ್ಯಾಂಕರು

ಕೋಳಿ ಮರಿ ಮಾಡ್ಕಂಡು ಇಳೀತು. ಆದ್ರೆ ಮೇಷ್ಟ್ರಿಗೆ ಎದೆಗುದಿ ಶುರುವಾಯ್ತು. "ಆಚಾರ್ರೇ, ನೋಡೋಕೇನೋ ಚೆನ್ನಾಗಿದೆ. ಸೋರಲ್ಲ ಅಂತ ಹೇಗೆ ಗೊತ್ತಾಗುತ್ತೆ? ಅವಳ ಸೀರೆ ಒದ್ದೆ ಆದ್ರೆ ಎಲ್ಲಾ ಮುಗೀತು."

"ಹೊಸಾ ಹಂಡೆ ತಂದ್ರೆ ಎಂಗೆ ನೋಡ್ತೀರಿ ಸಾ?" ಅಂದೆ.

"ನೀರು ತುಂಬಿಸಿ ನೋಡ್ತೀವಿ."

"ಅಂಗೇಯ. ಒಳಗಿನ ನೀರು ಈಚೆಗೆ ಬರ್ನಿಲ್ಲ ಅಂದ್ರೆ, ಈಚೆ ನೀರು ಒಳಕ್ಕೆ ಎಂಗೆ ಹೋದಾತು?"

ಮೇಷ್ಟ್ರು ಶಾನೆ ಹೊತ್ತು ಯೋಚ್ನೆ ಮಾಡಿದ್ರು. ಎಲ್ಲೋ ಏನೋ ತಪ್ಪಿದೆ ಅನ್ನಿಸ್ತದೆ, ಎಲ್ಲಿ ಅಂತ ಗೊತ್ತಾಗಲ್ಲ ಅಂದ್ರು. ಅಷ್ಟ್ರಲ್ಲಿ ನಾನು ನೀರಿನ ಟ್ಯಾಂಕರಿಗೆ ಫೋನ್ ಮಾಡಾಗಿತ್ತು.

ದೇವಲಾಪುರದ ದಾರೀಲಿ ನೀರಿನ ಟ್ಯಾಂಕರು ಬಂತು ಅಂದ್ರೆ ಏನಾಯ್ತದೆ ಅಂತ ನಿಮ್ಗೆ ಗೊತ್ತಿರ್ಬೇಕು. ನಾವು ದೋಣಿಗೆ ಪೈಪು ಬುಡೋ ಹೊತ್ಗೆ, ಟ್ಯಾಂಕರಿನ ಹಿಂದೆ ಊರ ಹೆಂಗಸ್ರೆಲ್ಲ ಬಿಂದಿಗೆ, ಬಕೀಟು, ಡ್ರಮ್ಮು ಹೊತ್ಕಂಡು ಹೊಲಕ್ಕೇ ಬಂದ್ಬುಟ್ರು. ನೀರೆಲ್ಲ ದೋಣಿಗೆ ಹೋಗೋದ್ನ ನೋಡಿ ಒಬ್ಳು ಸೆರಗು ಸಿಗಿಸ್ಕಂಡು ಮುಂದಕ್ಕೆ ಬಂದ್ಲು. "ಏನ್ರಯ್ಯಾ, ಕುಡಿಯಾಕೆ ಗತಿ ಇಲ್ಲ, ಹೊಲದ ದೋಣಿಗೆ ನೀರು ಬುಡ್ತಾವ್ರೆ! ತಲೆ ನೆಟ್ಟಗೈತಾ?"

ಉತ್ರ ಯೋಳೋ ಹೊತ್ಗೆ ದೋಣೀನೇ ಉತ್ರ ಯೋಳ್ತು. ಹಲಗೆ ಹಲಗೆ ಸಂದೀಲೂ ಚಿರ್ರ್ ಅಂತ ನೀರು ಚಿಮ್ತು! ಒಣಗಿ ಒಣಗಿ ಹಲಗೆ ಕುಗ್ಗಿದ್ವು. ಹಸು ಕೆಚ್ಚಲಿಗೆ ಸಾವಿರ ಮೊಲೆ ಇದ್ದಂಗೆ ಸುತ್ತಲೂ ಧಾರೆ. ಹೆಂಗಸ್ರು ಅದ್ನ ನೋಡಿದ್ರು. ಆಮೇಲೆ ಒಂದೊಂದು ಧಾರೆಗೆ ಒಂದೊಂದು ಬಿಂದಿಗೆ ಇಟ್ಟು ಸಾಲಾಗಿ ಕುಂತ್ರು. ಜಗಳ ಇಲ್ಲ, ನೂಕಾಟ ಇಲ್ಲ. ಅಂಥಾ ನಲ್ಲಿ ನಮ್ ಜಿಲ್ಲೇಲೇ ಇರ್ನಿಲ್ಲ.

ಮೇಷ್ಟ್ರು ಬದುವಿನ ಮೇಲೆ ತಲೆ ಮೇಲೆ ಕೈ ಹೊತ್ಕಂಡು ಕುಂತ್ಬುಟ್ರು. "ಮುಗೀತು ಆಚಾರ್ರೇ. ಇದು ದೋಣಿ ಅಲ್ಲ, ಜರಡಿ." ಅವ್ರ ದನಿ ಕೇಳಿ ನಂಗೂ ಕಸಿವಿಸಿ ಆಯ್ತು. ಹೆಂಗಸ್ರು ಬುಡ್ನಿಲ್ಲ, ನಾಳೆನೂ ತರ್ಸಿ ಅಂದ್ರು. ನಾಳಿದ್ದೂ ತರ್ಸಿ ಅಂದ್ರು. ಮೇಷ್ಟ್ರು ದಾನ ಅಂದ್ಕಂಡು ದಿನಾ ತರ್ಸಿದ್ರು.

ಒಂದಿನ ಬೆಳಿಗ್ಗೆ ಅಜ್ಜಿ ನಂಗೆ ಫೋನ್ ಮಾಡಿದ್ಲು. ದೋಣಿ ಮೇಲೆ ನಿಂತೇ ಮಾಡಿದ್ದು, ಅಷ್ಟು ಸಂದಾಗಿ ಕೇಳ್ತಿತ್ತು. "ಲೋ ಆಚಾರಿ, ನಿಮ್ ದೋಣಿ ಕೆಟ್ಟೋಯ್ತು ಕಣೋ. ಬೇಗ ಬಂದು ರಿಪೇರಿ ಮಾಡು, ಹೆಂಗಸ್ರೆಲ್ಲ ನನ್ನ ಬೈತಾವ್ರೆ."

"ಏನಾಯ್ತಜ್ಜಿ?"

"ಸೋರ್ತಾನೇ ಇಲ್ಲ ಕಣ್ಲಾ! ಒಂದು ತೊಟ್ಟೂ ಬತ್ತಾ ಇಲ್ಲ!"

ದಾರೀಲಿ

ಹಲಗೆ ನೀರು ಕುಡ್ದು ಉಬ್ಬಿ, ಒಂದಕ್ಕೊಂದು ಕಚ್ಕಂಡು ಬಿಗಿಯಾಗಿದ್ವು. ಮೇಷ್ಟ್ರು ನನ್ನ ಕೈ ಇಡ್ಕಂಡು, ಇದು ನಿಮ್ಗೆ ಮೊದಲೇ ಗೊತ್ತಿತ್ತಾ ಅಂದ್ರು. ನಾನು ನಕ್ಕೆ. ತಾತ ಅರಮನೆಗೆ ದೋಣಿ ಮಾಡ್ದೋರಲ್ವೆ!

ಯಾಪಾರಕ್ಕೆ ದಲ್ಲಾಳಿ ಕುಂತ. ದನದ ಸಂತೇಲಿ ಮಾಡ್ದಂಗೆ 'ಕೈ ಕೊಡಜ್ಜಿ' ಅಂತ ಟವಲ್ಲು ಮುಚ್ಚಿ, ಒಳ್ಗೇ ಬೆರಳು ಇಡ್ಕಂಡು ರೇಟು ಕೇಳ್ದ. ಅಜ್ಜಿಗೂ ಆ ಭಾಷೆ ಬತ್ತಿತ್ತು. ಟವಲ್ಲಿನ ಒಳ್ಗೆ ಏನು ನಡೀತೋ ಕಾಣೆ, ಇವ್ನ ಮುಖ ಮಾತ್ರ ಕೆಂಪಗಾಗಿ, ಹಸುರಾಗಿ, ಬಿಳಿಯಾಯ್ತು. ಕೊನೆಗೆ "ಅಜ್ಜಿ ಕೇಳ್ದಷ್ಟು ಕೊಟ್ಬುಡಿ ಮೇಷ್ಟ್ರೇ, ನಂಗೆ ಬೆರಳು ಬೇಕು" ಅಂದ.

ದಾರೀಲಿ ಹಲಗೆ ಒಣಗ್ಬಾರ್ದಲ್ಲ, ಅದುಕ್ಕೆ ದೋಣೀನ ಟ್ರಾಕ್ಟರ್ ಟ್ರೈಲರಿಗೆ ಹತ್ತುಸಿ, ಮೇಲೆಲ್ಲ ಒದ್ದೆ ಗೋಣಿಚೀಲ ಹೊದ್ಸಿ, ನಾನು ತುದೀಲಿ ಕುಂತು ಚೊಂಬಲ್ಲಿ ನೀರು ಚಿಮುಕಿಸ್ತಾ ಬಂದೆ. ಹಿಂದೆ ಹಾಯಿ ಕಟ್ಕಂಡು ದಲ್ಲಾಳಿ. ನಾಗಮಂಗಲದಲ್ಲಿ ಒಬ್ಳು ಮುದುಕಿ "ಪಾಪ, ಇದುಕ್ಕೆ ಎಷ್ಟು ದಿನದಿಂದ ಜ್ವರ?" ಅಂತ ಕೇಳಿದ್ಲು. ಕೆ.ಆರ್. ಪೇಟೆ ಸರ್ಕಲ್ಲಲ್ಲಿ ಜನ ಗಾಡಿ ಸುತ್ಕಂಡು, "ಇದು ಯಾವ ಪಾರ್ಟಿ ಗುರ್ತು?" ಅಂದ್ರು. ಯಾವ್ದೂ ಅಲ್ರಪ್ಪ ಅಂದ್ರೆ ನಂಬ್ಲಿಲ್ಲ. ಒಬ್ಬ ಅಂದ: "ಗುರ್ತು ಯಾವ್ದಾರ ಆಗ್ಲಿ, ವೋಟು ಹಾಕ್ತೀವಿ. ಮೊದ್ಲು ನಮ್ ಬೀದಿ ಚರಂಡಿ ಮಾಡ್ಸಿಕೊಡು."

ಅಮ್ಮಾವ್ರ ಸೀರೆ

ದೋಣಿ ಹಿನ್ನೀರಿಗಿಳಿಯೋ ದಿನ ಅಮ್ಮಾವ್ರು ಬೇಕಂತ್ಲೇ ರೇಷ್ಮೆ ಸೀರೆ ಉಟ್ಕಂಡ್ ಬಂದ್ರು. ಗಾಡಿ ಪೂಜೆಗೆ ಗಾಲಿ ಕೆಳಗೆ ನಿಂಬೆಹಣ್ಣು ಮಡಗ್ತೀವಲ್ಲ, ದೋಣಿಗೆ ಎಲ್ಲಿ ಮಡಗೋದು ಅಂತ ಎಲ್ರೂ ಯೋಚ್ನೆ ಮಾಡಿದ್ರು. ಕೊನೆಗೆ ಮುಂದೆ ನೀರಿನ ಮೇಲೆ ಬುಟ್ಟೊ. ಅದು ತೇಲ್ಕಂಡು ಹೊಂಟೋಯ್ತು. ದಲ್ಲಾಳಿ "ದಾರಿ ತೋರಿಸ್ತಾ ಐತೆ" ಅಂದ.

ಅಮ್ಮಾವ್ರು ಒಳಗೆ ಕುಂತ್ರು. ಮೊದ್ಲು ಪಾದದ ಕೆಳಗೆ ನೋಡಿದ್ರು. ಒಣಗಿತ್ತು. ಬಗ್ಗಿ ಬೆರಳಲ್ಲಿ ಹಲಗೆ ಸಂದಿ ಸವರಿದ್ರು. ಒಣಗಿತ್ತು. ಕೈಲಿ ಒಂದು ಪೇಪರ್ ಕರ್ಚೀಫು ತಂದಿದ್ರು, ಅದ್ನ ನೆಲದ ಮೇಲೆ ಹಾಕಿ ಕಾಲಲ್ಲಿ ಒತ್ತಿ, ಎತ್ತಿ ಬೆಳಕಿಗೆ ಇಡಿದ್ರು. ಮೇಷ್ಟ್ರು ಪರೀಕ್ಷೆ ಪೇಪರು ತಿದ್ದಿಸ್ಕಳ್ಳೋ ಹುಡುಗನಂಗೆ ಉಸುರು ಬಿಗಿ ಇಡ್ಕಂಡು ನಿಂತಿದ್ರು.

"ಹ್ಞೂಂ. ಹೊರಡಿ" ಅಂದ್ರು ಅಮ್ಮಾವ್ರು.

ಮೇಷ್ಟ್ರು ಮೊಬೈಲಲ್ಲಿ ನೋಡಿ ಕಲ್ತಿದ್ದಂಗೆ ಹಗ್ಗ ಎಳೆದ್ರು. ಹಾಯಿ ಮೇಲಕ್ಕೋಯ್ತು. ಸುಮಾರು ಹೊತ್ತು ಏನೂ ಆಗ್ನಿಲ್ಲ. ಆಮೇಲೆ ಪಡುವಲ ಕಡೆಯಿಂದ ಗಾಳಿ ಬಂತು ನೋಡಿ! ಹಾಯಿ ಹೊಟ್ಟೆ ಉಬ್ಬಿಸ್ಕಂಡ್ತು. ದೋಣಿ ಒಂದು ಪಕ್ಕಕ್ಕೆ ವಾಲ್ಕಂಡು, ಸರ್ರಂತ ಹೊಂಟೇಬುಡ್ತು. ಇಂಜಿನ್ನಿಲ್ಲ, ಪೆಡ್ಲಿಲ್ಲ, ಸದ್ದೇ ಇಲ್ಲ. ಗಾಡಿ ಪಲ್ಟಿ ಆಯ್ತದೆ ಅಂತ ದಲ್ಲಾಳಿ ಕಂಬ ತಬ್ಕಂಡು ಮನೆದೇವ್ರನ್ನ ಕರೆಯಾಕೆ ಹತ್ದ. ಮೇಷ್ಟ್ರು ಮಾತ್ರ ಮುಖ ಗಾಳಿಗೆ ಒಡ್ಡಿ ಕುಂತಿದ್ರು. ಕಣ್ಣಲ್ಲಿ ನೀರು. ಅಮ್ಮಾವ್ರು ಅದು ಎಲ್ಲಿಂದ ಸೋರ್ತಾ ಐತೆ ಅಂತ ಒಂದ್ಕಿತ ಮೇಲೆ ಕೆಳಗೆ ನೋಡಿದ್ರು.

ಆಮೇಲೆ ಮೇಷ್ಟ್ರಿಗೆ ತಡಿಯೋಕಾಗ್ನಿಲ್ಲ. ಚುಕ್ಕಾಣಿ ಬುಟ್ಟು ಎದ್ದು ನಿಂತ್ರು. ಎರಡೂ ಕೈ ಚಾಚಿ, ಕ್ಲಾಸಲ್ಲಿ ಅರಚೋ ದನೀಲಿ ಅರಚಿದ್ರು: "ಮಕ್ಕಳೇ! ನೋಡಿ! ಇದೇ ನೈರುತ್ಯ ಮಾರುತ!"

ಮಾರುತಕ್ಕೆ ಏನನ್ನಿಸ್ತೋ, ಅದು ಅದೇ ಗಳಿಗೇಲಿ ದಿಕ್ಕು ಬದಲಾಯ್ಸ್ತು. ಹಾಯಿ ಕೆಳಗಿನ ಅಡ್ಡಮರ ಈ ಕಡೆಯಿಂದ ಆ ಕಡೀಕೆ ಗಿರ್ರಂತ ತಿರುಗಿ, ಮೇಷ್ಟ್ರ ಬೆನ್ನಿಗೆ ಮೆತ್ತಗೆ ಒಂದು ಬುಡ್ತು. ಮೇಷ್ಟ್ರು ಚಾಚಿದ್ದ ಕೈ ಚಾಚ್ಕಂಡೇ ನೀರಿಗೆ ಹೋದ್ರು. ಕಿತ್ತಳೆ ಬಣ್ಣದ ತೇಲೋ ಜಾಕೀಟು ಹಾಕಿದ್ರಿಂದ ಬಾಟ್ಲಿ ಮುಚ್ಚಳದಂಗೆ ಪುಳಕ್ ಅಂತ ಮೇಲಕ್ಕೆ ಬಂದ್ರು.

ನಾನು ಹಗ್ಗ ಹುಡುಕೋ ಹೊತ್ಗೆ ಅಮ್ಮಾವ್ರು ಬಗ್ಗಿ, ಮೇಷ್ಟ್ರ ಜಾಕೀಟಿನ ಕತ್ತುಪಟ್ಟಿ ಇಡ್ಕಂಡು, ಬಾವಿಯಿಂದ ಬಿಂದಿಗೆ ಸೇದೋರಂಗೆ ಒಂದೇ ಎಳೆತಕ್ಕೆ ಒಳಕ್ಕೆ ಎಳ್ಕಂಡ್ರು. ಮೇಷ್ಟ್ರು ಅಮ್ಮಾವ್ರ ಮಡ್ಲಿಗೇ ಬಿದ್ರು. ರೇಷ್ಮೆ ಸೀರೆ ತೊಪ್ಪೆ!

ಮೇಷ್ಟ್ರು ಸೀರೆ ನೋಡಿದ್ರು. ಹಾಯಿ ನೋಡಿದ್ರು. ಮೂಗಿಂದ ನೀರು ಸುರೀತಾ, ಸಣ್ಣ ದನೀಲಿ ಕೇಳಿದ್ರು: "ಮಾರ್ಬೇಕಾ?"

ಅಮ್ಮಾವ್ರು ಸೆರಗು ಹಿಂಡ್ತಾ ಅಂದ್ರು: "ಆಡಿದ ಮಾತು ತಪ್ಪೋಕಾಗುತ್ತಾ? ಸೀರೆ ಒದ್ದೆ ಮಾಡಿದ್ದನ್ನ ಮಾರಲೇಬೇಕು. ದೋಣಿಯಿಂದ ಒಂದು ಹನಿ ಬಂದಿಲ್ಲ. ಒದ್ದೆ ಮಾಡಿದ್ದು ನೀವು." ಅಂದೋರೇ ದಲ್ಲಾಳಿ ಕಡೆ ತಿರುಗಿದ್ರು. "ನೋಡಪ್ಪ, ಇವರಿಗೆ ಎಷ್ಟು ಬರುತ್ತೆ ಹೇಳು."

ದಲ್ಲಾಳಿ ಕಂಬ ಬುಟ್ಟು ಬಂದ. ತಮಾಸೆ ಅನ್ನೋದು ಅವ್ನ ಕಸುಬಲ್ಲೇ ಇಲ್ಲ. ಮೇಷ್ಟ್ರನ್ನ ಸುತ್ತು ಹಾಕಿ ನೋಡ್ದ, ಬೆನ್ನು ತಟ್ಟಿ ನೋಡ್ದ, ಬಾಯಿ ಬುಡಿಸಿ ಒಳಕ್ಕೆ ಇಣುಕಿ ತಲೆ ಅಲ್ಲಾಡಿಸ್ದ.

"ಹಲ್ಲು ಕಟ್ಟಿಸಿರೋದು ಕಣವ್ವ. ಬರೀ ಇವ್ರನ್ನೇ ಆದ್ರೆ ಯಾವ ಸಂತೇಲೂ ಯಾರೂ ಕೇಳಾಕಿಲ್ಲ. ದೋಣಿ ಜೊತೆಗೆ ಸೇರ್ಸಿ ಕೊಟ್ರೆ ನೋಡ್ಬೋದು."

ಅಮ್ಮಾವ್ರು ಒಂದ್ಕಿತ ಮೇಷ್ಟ್ರನ್ನ ನೋಡಿದ್ರು. ಒಂದ್ಕಿತ ಹಾಯಿ ನೋಡಿದ್ರು. ಆಮೇಲೆ ಹೋಗಿ, ಮೇಷ್ಟ್ರು ಬುಟ್ಟಿದ್ದ ಚುಕ್ಕಾಣಿ ಇಡ್ಕಂಡು ಕುಂತ್ರು.

"ಹಾಗಾದ್ರೆ ಇವರೂ ಇದ್ಕೊಳ್ಳಲಿ ಬಿಡಪ್ಪ" ಅಂದ್ರು, "ದೋಣಿ ಕೊಡೋಕಾಗಲ್ಲ."